ರಿಂಗು ಹೋದ ಇಂಜನ್ನು

ನಮ್ಮ ದೊಡ್ಡಪ್ಪನ ಬಾಯಲ್ಲಿ ಮನುಷ್ಯರ ಕಾಯಿಲೆಗಳೆಲ್ಲ ಇಂಜನ್ನಿನ ಕಾಯಿಲೆಗಳೇ. ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟವನಿಗೆ ರಿಂಗು ಹೋಗಿದೆ. ಊಟ ಮುಗಿಸಿ ಜೋರಾಗಿ ತೇಗಿದವನಿಗೆ ಬ್ಯಾಕ್ ಕಂಪ್ರೆಷನ್. ಮದುವೆ ಮಾತೆತ್ತಿದ ಕೂಡಲೇ ತಡವರಿಸುವ ಹುಡುಗನಿಗೆ ನಾಜಲ್ ಕಟ್ಟಿದೆ. ಬೀಡಿ ಸೇದಿ ಸೇದಿ ಕೆಮ್ಮುವ ತಮ್ಮನನ್ನು ಕಂಡರೆ, "ಆಯಿಲ್ ಮೇಲಕ್ಕೆ ಬತ್ತಾ ಇದೆ ಕಣೋ, ಒಂದ್ಸಲ ಬಿಚ್ಚಿಸಿ ನೋಡಿಸು" ಅನ್ನುತ್ತಿದ್ದರು. ಈ ವೈದ್ಯವನ್ನು ಅವರು ಕಲಿತದ್ದು ಯಲ್ದೂರಿನ ಹೊರಗೆ ತೋಟದ ಬಾವಿಯಲ್ಲಿ, ಐದು ಹಾರ್ಸ್‌ಪವರಿನ ಡೀಸೆಲ್ ಇಂಜನ್ನಿನ ಪಕ್ಕದಲ್ಲಿ ಕೂತು. ಡಾಕ್ಟರ ಹತ್ತಿರ ಹೋದದ್ದಕ್ಕಿಂತ ಹೆಚ್ಚು ಸಲ ಅವರು ಲೇತಿನ ಆಚಾರ್ರ ಹತ್ತಿರ ಹೋಗಿದ್ದಾರೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಪಾಲಾರ್, ಪಾಪಾಗ್ನಿ ಎಂದು ಭೂಪಟದಲ್ಲಿ ನೀಲಿ ಗೆರೆ ಎಳೆದವರ ಧೈರ್ಯ ಮೆಚ್ಚಬೇಕು. ನಮಗಿದ್ದದ್ದು ಕೆರೆ ಮತ್ತು ಬಾವಿ. ಬಾವಿಯ ನೀರು ಮೇಲೆ ಬರಬೇಕಾದರೆ ಏತ, ಇಲ್ಲವೇ ಕಪಿಲೆ; ಒಂದು ಜೊತೆ ಎತ್ತು, ಒಂದು ಚರ್ಮದ ಚೀಲ, ಇಳಿಜಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿಂದೆ ಮುಂದೆ ನಡಿಗೆ. ಇದೇ ಜಿಲ್ಲೆಯ ಕೆಜಿಎಫ್ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದಿದ್ದರು. ಚಿನ್ನ ಎತ್ತುವುದಕ್ಕೆ ಇದ್ದ ಅವಸರ ನೀರೆತ್ತುವುದಕ್ಕೆ ಇರಲಿಲ್ಲ. ಕಪಿಲೆಗೂ ಕರೆಂಟಿಗೂ ನಡುವಿನ ಕಾಲವನ್ನು ತುಂಬಿದ್ದು ಆಯಿಲ್ ಇಂಜನ್ನು. ಪುಣೆಯಲ್ಲಿ ಕಿರ್ಲೋಸ್ಕರರ ಆಯಿಲ್ ಇಂಜನ್ ಕಂಪನಿ ಹುಟ್ಟಿದ್ದು 1946ರಲ್ಲಿ. ಅವರ ಎವಿ-1 ಎಂಬ ಪುಟ್ಟ ಇಂಜನ್ನು, ಜೊತೆಗೆ ರಾಜ್‌ಕೋಟ್ ಕಡೆಯಿಂದ ಬರುತ್ತಿದ್ದ ದೊಡ್ಡ ಚಕ್ರದ, ನಿಧಾನಗತಿಯ ಲಿಸ್ಟರ್ ಮಾದರಿಯ ಇಂಜನ್ನು, ಇವೆರಡು ಇಲ್ಲಿನ ಎತ್ತುಗಳಿಗೆ ರಜೆ ಕೊಡಿಸಿದವು.

ಈಗ ಒಂದು ಸಣ್ಣ ಲೆಕ್ಕ. ಎವಿ-1ರ ಸಿಲಿಂಡರಿನ ಬೋರು 80 ಮಿಲಿಮೀಟರು, ಸ್ಟ್ರೋಕು 110. ನಿಮಿಷಕ್ಕೆ 1500 ಸುತ್ತು. ಒಂದೊಂದು ಸುತ್ತಿಗೂ ಪಿಸ್ಟನ್ನು ಒಂದು ಸಲ ಹತ್ತಿ ಒಂದು ಸಲ ಇಳಿಯಬೇಕು. ಅಂದರೆ ನಿಮಿಷಕ್ಕೆ 330 ಮೀಟರು, ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರು. ಆ ದಾರಿಯುದ್ದಕ್ಕೂ ಪಿಸ್ಟನ್ನಿನ ಮೈಗೆ ಸುತ್ತಿಕೊಂಡ ರಿಂಗು ಸಿಲಿಂಡರಿನ ಗೋಡೆಯನ್ನು ಒತ್ತಿಕೊಂಡೇ ಜಾರುತ್ತಿರುತ್ತದೆ. ನಡುವೆ ಇರುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಪೊರೆ. ಎರಡು ಸಾವಿರ ಗಂಟೆ ನೀರೆತ್ತಿದರೆ ರಿಂಗು ಭೂಮಿಗೆ ಒಂದು ಸುತ್ತು ಹಾಕಿದಷ್ಟು ದೂರ ಉಜ್ಜಿರುತ್ತದೆ. ದೊಡ್ಡಪ್ಪ ಮದರಾಸು ದಾಟಿ ಆಚೆ ಹೋದವರಲ್ಲ. ಅವರ ರಿಂಗು ಮಾತ್ರ ಬಾವಿಯ ಕಟ್ಟೆ ಬಿಡದೆ ಪ್ರಪಂಚ ಪರ್ಯಟನೆ ಮುಗಿಸಿತ್ತು.

ಅಷ್ಟು ದೂರ ಉಜ್ಜಿದ ಮೇಲೆ ಸವೆಯದೆ ಇರುತ್ತದೆಯೇ? ರಿಂಗು ಹೋದ ಇಂಜನ್ನನ್ನು ಗುರುತಿಸಲು ಮೆಕ್ಯಾನಿಕ್ ಬೇಕಿಲ್ಲ. ಹ್ಯಾಂಡ್ಲು ಹಾಕಿ ತಿರುಗಿಸಿದಾಗ ಮೊದಲಿನ ಬಿಗಿ ಇರುವುದಿಲ್ಲ. ಡೀಸೆಲ್ ಇಂಜನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಾಲು ಕುಗ್ಗಿಸಿದಾಗ ಹುಟ್ಟುವ 500 ಡಿಗ್ರಿಗೂ ಮೀರಿದ ಬಿಸಿಯೇ ಎಣ್ಣೆಗೆ ಬೆಂಕಿ ಹಚ್ಚಬೇಕು. ಗಾಳಿ ರಿಂಗಿನ ಸಂದಿಯಲ್ಲಿ ಕೆಳಕ್ಕೆ ನುಸುಳಿಬಿಟ್ಟರೆ ಆ ಬಿಸಿ ಹುಟ್ಟುವುದಿಲ್ಲ. ಚಳಿಗಾಲದ ಬೆಳಗ್ಗೆ ಒಬ್ಬರಾದ ಮೇಲೆ ಒಬ್ಬರು ಹ್ಯಾಂಡ್ಲು ಹೊಡೆದು ಸುಸ್ತಾಗುತ್ತಾರೆ. ಕೊನೆಗೆ ಹೇಗೋ ಹತ್ತಿಕೊಂಡರೂ ನೀಲಿ ಹೊಗೆ, ಕೆಳಗಿನ ಬ್ರೀದರಿನಿಂದ ಪುಸ್ ಪುಸ್ ಎಂದು ಗಾಳಿ, ಹಾಕಿದ ಇಂಜನಾಯಿಲ್ಲು ವಾರದೊಳಗೆ ಮಾಯ. ಇಂಥ ಇಂಜನ್ನಿಗೆ ಇನ್ನೊಂದು ಲಕ್ಷಣವಿದೆ: ನೆಂಟರು ಬಂದಾಗ ಅದು ಖಂಡಿತ ಸ್ಟಾರ್ಟ್ ಆಗುವುದಿಲ್ಲ.

ಪಿಸ್ಟನ್ನಿಗೇಕೆ ರಿಂಗು, ಅದನ್ನೇ ಬಿಗಿಯಾಗಿ ಕೂರಿಸಿದರಾಗದೇ ಎಂಬ ಪ್ರಶ್ನೆ ನನಗೂ ಬಂದಿತ್ತು. ಬಿಸಿಯಾದರೆ ಪಿಸ್ಟನ್ನು ಹಿಗ್ಗುತ್ತದೆ. ಬಿಗಿ ಕೂರಿಸಿದ್ದು ಐದು ನಿಮಿಷದಲ್ಲಿ ಸಿಲಿಂಡರನ್ನು ಕಚ್ಚಿಕೊಂಡು ನಿಲ್ಲುತ್ತದೆ. ಸಡಿಲ ಬಿಟ್ಟರೆ ಗಾಳಿ ಸೋರುತ್ತದೆ. ಹಳೆಯ ಉಗಿಯಂತ್ರಗಳ ಕಾಲದಲ್ಲಿ ಈ ಸಂದಿಗೆ ನಾರಿನ ಹುರಿಗೆ ಕೊಬ್ಬು ಸವರಿ ತುರುಕುತ್ತಿದ್ದರು. ಅದು ಬೇಗ ಸುಟ್ಟು, ಸವೆದು ಹೋಗುತ್ತಿತ್ತು. ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1850ರ ದಶಕದ ಮೊದಲಲ್ಲಿ ಇದಕ್ಕೆ ಬಹಳ ಸರಳವಾದ ಮದ್ದು ಕಂಡುಹಿಡಿದ. ಪಿಸ್ಟನ್ನಿನ ಸುತ್ತ ಗಾಡಿ, ಅಂದರೆ ತೋಡು, ಕೊರೆದು, ಅದರಲ್ಲಿ ಒಂದು ಕಡೆ ಕತ್ತರಿಸಿದ, ಸಿಲಿಂಡರಿಗಿಂತ ತುಸು ದೊಡ್ಡದಾದ ಲೋಹದ ಉಂಗುರ ಕೂರಿಸುವುದು. ಅಮುಕಿ ಒಳಗೆ ತಳ್ಳಿದರೆ ಅದು ಹೊರಗೆ ಹಿಗ್ಗಲು ನೋಡುತ್ತಲೇ ಇರುತ್ತದೆ, ಗೋಡೆಯನ್ನು ಬಿಡುವುದಿಲ್ಲ. ಸವೆದರೆ ಸವೆದಷ್ಟೂ ತಾನೇ ತೆರೆದುಕೊಂಡು ಜಾಗ ತುಂಬುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಮರ್ಮ ಇದೆ. ರಿಂಗಿನ ಸ್ವಂತ ಸ್ಪ್ರಿಂಗಿನ ಬಲ ಹೇಳಿಕೊಳ್ಳುವಂಥದ್ದಲ್ಲ. ಡೀಸೆಲ್ ಹೊತ್ತಿದಾಗಿನ ಒತ್ತಡವನ್ನು ಆ ಬಲವೊಂದೇ ತಡೆಯಲಾರದು. ಆದರೆ ರಿಂಗಿಗೂ ಗಾಡಿಗೂ ಮಧ್ಯೆ ಕೂದಲೆಳೆಯ ಸಂದು ಬಿಟ್ಟಿರುತ್ತಾರಲ್ಲ, ಅದರ ಮೂಲಕ ಅದೇ ಗ್ಯಾಸು ರಿಂಗಿನ ಬೆನ್ನ ಹಿಂದೆ ಹೋಗಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ತಪ್ಪಿಸಿಕೊಳ್ಳಲು ಬಂದವನನ್ನೇ ಬಾಗಿಲು ಕಾಯಲು ಹಚ್ಚಿದ ಉಪಾಯ. ಒತ್ತಡ ಹೆಚ್ಚಿದಷ್ಟೂ ಬಾಗಿಲು ಭದ್ರ. ಸ್ಪ್ರಿಂಗಿನ ಕೆಲಸ ಮೊದಲ ಕ್ಷಣದಲ್ಲಿ ಗೋಡೆಗೆ ತಾಕಿ ನಿಲ್ಲುವುದಷ್ಟೆ.

ನಮ್ಮ ಆಚಾರ್ರಿಗೆ ರಾಮ್ಸ್‌ಬಾಟಮ್ಮಿನ ಹೆಸರು ಗೊತ್ತಿಲ್ಲ. ಅವರ ತಂದೆ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಸುಮಾರು ಎರಡು ಮೈಲಿ ಆಳಕ್ಕೆ ಇಳಿದಿದ್ದ ಗಣಿಗೆ ಬಂಡೆ ಕೊರೆಯುವ ಡ್ರಿಲ್ಲು ನಡೆಸಲು ಒತ್ತಿದ ಗಾಳಿ ಬೇಕು. ಗಾಳಿ ಒತ್ತಲು ಕಂಪ್ರೆಸರು ಬೇಕು. ಕಂಪ್ರೆಸರಿಗೆ ರಿಂಗು ಬೇಕು. ಹೀಗಾಗಿ ಆ ಮನೆಯಲ್ಲಿ ರಿಂಗಿನ ವಿದ್ಯೆ ಪಿತ್ರಾರ್ಜಿತ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚುವ ಎಷ್ಟೋ ವರ್ಷ ಮೊದಲೇ ಮಗ ಇತ್ತ ಬಂದು ಲೇತು ಹಾಕಿಕೊಂಡಿದ್ದರು. ಟರ್ನರುಗಳ ಜಾತಿಪದ್ಧತಿಯಲ್ಲಿ 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತು, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಕಟ್ಟಿದ ಬೆಂಗಳೂರಿನ ಎಚ್‌ಎಂಟಿಯ ಲೇತು, ಇವು ಮೇಲಿನ ಪಂಕ್ತಿ. ಆಚಾರ್ರದು ಪಂಜಾಬಿನ ಬಟಾಲಾದ ಆರಡಿ ಬೆಲ್ಟಿನ ಲೇತು. "ಅರಿಹರದ್ದು ಸಿಗ್ಲಿಲ್ಲ ಮೇಷ್ಟ್ರೇ, ದುಡ್ಡೂ ಇರ್ಲಿಲ್ಲ. ಆದ್ರೆ ಇದರ ಬುದ್ಧಿ ನಂಗೆ ಗೊತ್ತು" ಎನ್ನುತ್ತಾರೆ. ಬುದ್ಧಿ ಅಂದರೆ ಅದರ ದೋಷಗಳು. ಚಕ್ಕಿನ ಹತ್ತಿರ ಬೆಡ್ಡು ಸವೆದಿದೆ, ಸ್ಕ್ರೂನಲ್ಲಿ ಅರ್ಧ ಸುತ್ತು ಸಡಿಲವಿದೆ. ಇವನ್ನೆಲ್ಲ ಮನಸ್ಸಿನಲ್ಲೇ ಕೂಡಿ ಕಳೆದು ಅವರು ಮಿಲಿಮೀಟರಿನ ನೂರನೇ ಒಂದು ಪಾಲಿನವರೆಗೆ ಹಿಡಿತ ಸಾಧಿಸಿದ್ದಾರೆ. ಲೇತಿಗೆ ತ್ರೀ ಫೇಸ್ ಕರೆಂಟು ಬೇಕು. ಹಳ್ಳಿಗೆ ಅದು ಬರುವುದು ಹೆಚ್ಚಾಗಿ ಊರು ಮಲಗಿದ ಮೇಲೆ. ರಾತ್ರಿ ಒಂದು ಗಂಟೆಗೆ ಎದ್ದು ಹೊಲಕ್ಕೆ ನೀರು ಹಾಯಿಸುವವರೂ, ಕಬ್ಬಿಣ ಕೊರೆಯುವ ಆಚಾರ್ರೂ ನಮ್ಮೂರಿನ ನಿಶಾಚರ ಪಂಗಡ.

ಅವರು ನಿಜವಾಗಿ ಕೂತು ರಿಂಗು ಮಾಡಿದ್ದನ್ನು ನಾನು ಮೊದಲಿನಿಂದ ಕೊನೆಯವರೆಗೆ ನೋಡಿದ್ದು ಕೊರೋನಾ ಕಾಲದಲ್ಲಿ. ಸುತ್ತಲಿನ ಹಳ್ಳಿಯೊಂದರಲ್ಲಿ ರಾಗಿ ಮಿಷನ್ ನಡೆಸುತ್ತಿದ್ದ ಯಜಮಾನರ ಮೊಮ್ಮಗ ಬೆಂಗಳೂರಿನ ಕಂಪ್ಯೂಟರ್ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಊರಿಗೆ ಬಂದು ಕೂತಿದ್ದ. ಹಟ್ಟಿಯ ಮೂಲೆಯಲ್ಲಿ ಹುಲ್ಲಿನ ಕೆಳಗೆ ತಾತನ ಇಂಜನ್ನು ಕಂಡಿತು. ಇಂಗ್ಲೆಂಡಿನದು, ಹೆಸರಿನ ತಗಡು ಉದುರಿದೆ, ಐದಿಂಚು ಬೋರು. ಹಿಂದೆ ಅದು ಓಡುವಾಗ ಹೊಗೆಕೊಳವೆಯ ತುದಿಗೆ ಡಬ್ಬಿ ಸಿಕ್ಕಿಸಿ ಕೂ ಕೂ ಎನ್ನಿಸುತ್ತಿದ್ದರಂತೆ. ಆ ಕೂಗು ಕೇಳಿ ಹೆಂಗಸರು ಮೊರ, ಚೀಲ ಎತ್ತಿಕೊಂಡು ಹೊರಡುತ್ತಿದ್ದರಂತೆ. ಹುಡುಗನಿಗೆ ಆ ಸದ್ದು ಕೇಳಬೇಕೆಂಬ ಹಟ. ಬಿಚ್ಚಿ ನೋಡಿದರೆ ಸಿಲಿಂಡರು ಪರವಾಗಿಲ್ಲ, ಪಿಸ್ಟನ್ನು ಗಟ್ಟಿ, ರಿಂಗುಗಳು ಮಾತ್ರ ಮಸಿ ಹಿಡಿದು ಗಾಡಿಯಲ್ಲೇ ಮುರಿದಿದ್ದವು. ಬೆಂಗಳೂರಿನ ಅಂಗಡಿಗಳಿಗೆಲ್ಲ ಫೋನು ಮಾಡಿದ. ಆ ಅಳತೆಯ, ಆ ದಪ್ಪದ ರಿಂಗು ಎಲ್ಲೂ ಇರಲಿಲ್ಲ.

"ಮಾಡ್ಬೋದು, ಆದ್ರೆ ನನ್ನನ್ನ ಅವಸರ ಮಾಡಬಾರದು" ಎಂಬ ಕರಾರಿನ ಮೇಲೆ ಆಚಾರ್ರು ಒಪ್ಪಿದರು. ಸಣ್ಣ ಇಂಜನ್ನಿಗಾದರೆ ಗುಜರಿಯಲ್ಲಿ ಸಿಗುವ ಲಾರಿ ಲೈನರನ್ನೇ ಕೊಯ್ದು ರಿಂಗು ಮಾಡುವುದುಂಟು, ಅದರ ಬೀಡು ಕಬ್ಬಿಣ ಬಹಳ ಒಳ್ಳೆಯದು. ಈ ಅಳತೆಗೆ ಹೊಂದುವ ಲೈನರ್ ಸಿಗದೆ, ಪೀಣ್ಯದ ಎರಕದ ಮನೆಯೊಂದರಿಂದ ಡಬ್ಬಿಯಾಕಾರದ ಬೀಡಿನ ಎರಕ ಬಂತು. ರಿಂಗಿಗೆ ಬೀಡೇ ಯಾಕೆ? ಉಕ್ಕು ಇದಕ್ಕಿಂತ ಗಟ್ಟಿಯಲ್ಲವೇ? ಬೀಡಿನೊಳಗೆ ಇಂಗಾಲ ತೆಳ್ಳನೆಯ ಗ್ರಾಫೈಟ್ ಹಾಳೆಗಳಾಗಿ ಹರಡಿಕೊಂಡಿರುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತುವೇ ಅದು. ಎಣ್ಣೆ ಸಾಲದ ಹೊತ್ತಿನಲ್ಲಿ ತಾನೇ ಜಾರುತ್ತದೆ, ಎಣ್ಣೆ ಇದ್ದಾಗ ಸಣ್ಣ ಸಣ್ಣ ಗುಳಿಗಳಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಯಲ್ಲೂ ಸ್ಪ್ರಿಂಗು ಸುಲಭಕ್ಕೆ ಕಳೆದುಕೊಳ್ಳುವುದಿಲ್ಲ. ಅದರ ಒಂದೇ ದುರ್ಗುಣ, ಬಗ್ಗಿಸಿದರೆ ಮುರಿಯುತ್ತದೆ.

ಎರಕದ ಮೇಲ್ಚರ್ಮದಲ್ಲಿ ಮರಳು ಕಚ್ಚಿಕೊಂಡಿರುತ್ತದೆ. ಹೆದರಿ ಮೇಲೆ ಮೇಲೆ ಕೆರೆದರೆ ಟೂಲಿನ ಮೊನೆ ಕ್ಷಣದಲ್ಲಿ ಹೋಗುತ್ತದೆ; ಮೊದಲ ಕಟ್ಟೇ ಚರ್ಮದ ಕೆಳಗೆ ಇಳಿಯಬೇಕು. ಆಚಾರ್ರು ಲೇತನ್ನು ನಿಮಿಷಕ್ಕೆ ಐವತ್ತು ಸುತ್ತಿನ ಆಸುಪಾಸಿಗೆ ಇಳಿಸಿ ಒಂದೇ ಸಲ ಒಳಗೆ ಕಚ್ಚಿಸಿದರು. ಉಕ್ಕು ಕೊರೆದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಬೀಡು ಪುಡಿಯಾಗಿ ಉದುರುತ್ತದೆ. ನೀರಿಲ್ಲ, ಎಣ್ಣೆಯಿಲ್ಲ, ಒಣ ಕೆಲಸ. ಒಂದು ತಾಸಿನಲ್ಲಿ ಆಚಾರ್ರ ಮೂಗು, ಹುಬ್ಬು, ನನ್ನ ಬಿಳಿ ಅಂಗಿ ಎಲ್ಲ ಕಪ್ಪು. ಕೊರೋನಾಕ್ಕೆಂದು ಹಾಕಿದ ಮಾಸ್ಕು ಅವತ್ತು ನಿಜವಾಗಿ ಕೆಲಸಕ್ಕೆ ಬಂತು.

ಇಲ್ಲಿ ಮತ್ತೆ ಲೆಕ್ಕ. ಸಿಲಿಂಡರು ಐದಿಂಚು, ಅಂದರೆ 127 ಮಿ.ಮೀ.; ಅದರ ಸುತ್ತಳತೆ 399. ರಿಂಗಿಗೆ ಸ್ಪ್ರಿಂಗು ಬರಬೇಕಾದರೆ ಬಿಚ್ಚಿಟ್ಟಾಗ ಬಾಯಿ ಸುಮಾರು 15 ಮಿ.ಮೀ. ತೆರೆದಿರಬೇಕು. ಹಾಗಾದರೆ ಕತ್ತರಿಸುವ ಮೊದಲು ಸುತ್ತಳತೆ 414 ಇರಬೇಕು, ವ್ಯಾಸ 131.8. ಮುಂದಿನ ಕಟ್ಟಿಗೆ ಸ್ವಲ್ಪ ಉಳಿಸಿ ಆಚಾರ್ರು 132.5ಕ್ಕೆ ನಿಲ್ಲಿಸಿದರು. ಈ ಲೆಕ್ಕವನ್ನೆಲ್ಲ ಅವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮಾಡಿದರು. ಅದೇ ಗೋಡೆಯಲ್ಲಿ ಟ್ರ್ಯಾಕ್ಟರ್ ಬುಶ್ಶಿನ ಬಾಕಿ, ಹಾಲಿನ ಲೆಕ್ಕ, ಯಾರದೋ ಮದುವೆಯ ಮುಯ್ಯಿ ಕೂಡ ಇದ್ದವು. ಒಳಗಡೆ ಬೋರ್ ಮಾಡಿ, ಡಬ್ಬಿಯೊಳಗೆ ಒಂದು ಮರದ ಕೋಲು ತೂರಿಸಿಟ್ಟು, ಪಾರ್ಟಿಂಗ್ ಟೂಲಿನಿಂದ ಒಂದೊಂದೇ ರಿಂಗು ಕೊಯ್ದರು. ಕೊಯ್ದ ರಿಂಗು ಕೋಲಿಗೆ ನೇತುಬೀಳುತ್ತದೆ. ನೆಲಕ್ಕೆ ಬಿದ್ದರೆ ಎರಡು ತುಂಡು.

ಪಕ್ಕದ ಮೈಗಳನ್ನು ನೈಸು ಮಾಡುವುದು ಲೇತಿನ ಕೆಲಸವಲ್ಲ. ದಪ್ಪ ಗಾಜಿನ ಮೇಲೆ ಎಮರಿ ಪುಡಿ, ಒಂದಿಷ್ಟು ಎಣ್ಣೆ, ರಿಂಗನ್ನು ಬೆರಳಲ್ಲಿ ಒತ್ತಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜುತ್ತ ಹೋಗುವುದು. ಮೈಕ್ರೋಮೀಟರ್ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಗಾಡಿಯಲ್ಲಿ ರಿಂಗಿಗೆ ಮಿ.ಮೀ.ನ ನೂರರಲ್ಲಿ ಐದು ಪಾಲು ಸಡಿಲ ಸಾಕು. ಹೆಚ್ಚಾದರೆ ಪ್ರತಿ ಸ್ಟ್ರೋಕಿಗೂ ಕುಟ್ಟಿ ಗಾಡಿಯನ್ನು ಹಾಳುಮಾಡುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಸಿಕ್ಕಿಕೊಳ್ಳುತ್ತದೆ. ಮೊಮ್ಮಗ ಉತ್ಸಾಹದಿಂದ ಶುರುಮಾಡಿ ಹತ್ತು ನಿಮಿಷಕ್ಕೆ ಮೀಟಿಂಗ್ ಇದೆಯೆಂದು ಎದ್ದುಹೋದ.

ಇನ್ನು ಕತ್ತರಿಸುವುದು. ಗರಗಸದಿಂದ 15 ಮಿ.ಮೀ. ತುಂಡು ತೆಗೆದಾಗ ರಿಂಗು ಟಿಣ್ ಎಂದಿತು. ಈಗ ಬಾಯಿ ಮುಚ್ಚಿದರೆ ಸಿಲಿಂಡರಿಗೆ ಸರಿಹೋಗಬೇಕಲ್ಲ ಎಂದು ನಾನು ಅಂದುಕೊಂಡೆ. ಹಾಗಾಗುವುದಿಲ್ಲ. ದುಂಡಗೆ ಕೊರೆದ ರಿಂಗನ್ನು ಕತ್ತರಿಸಿ ಅಮುಕಿದರೆ ಅದು ದುಂಡಗೆ ಉಳಿಯುವುದಿಲ್ಲ. ಬಾಯಿಗೆ ಎದುರಾದ ಬೆನ್ನು ಹೆಚ್ಚು ಬಾಗುತ್ತದೆ, ತುದಿಗಳು ಬಾಗುವುದೇ ಇಲ್ಲ. ಒಳಗೆ ಹಾಕಿದರೆ ಅಲ್ಲಲ್ಲಿ ತಾಕಿ ಅಲ್ಲಲ್ಲಿ ಬಿಟ್ಟು ನಿಲ್ಲುತ್ತದೆ. ಅದಕ್ಕೇ ಆಚಾರ್ರು ಎರಡನೇ ಸಲ ಲೇತಿಗೆ ಹಾಕಿದ್ದು. ಒಳಗೆ 128 ಮಿ.ಮೀ. ಕೊರೆದ ಪೈಪಿನ ತುಂಡೊಂದನ್ನು ಮೊದಲೇ ಮಾಡಿಟ್ಟುಕೊಂಡಿದ್ದರು. ಅದರೊಳಗೆ ರಿಂಗುಗಳನ್ನು ಬಾಯಿ ಮುಚ್ಚಿಸಿ ಒಂದರ ಮೇಲೊಂದು ಕೂರಿಸಿ, ನಡುವೆ ಮ್ಯಾಂಡ್ರೆಲ್ ತೂರಿಸಿ, ಎರಡು ಕಡೆ ದಪ್ಪ ವಾಷರ್ ಕೊಟ್ಟು ನಟ್ಟು ಬಿಗಿದರು. ಆಮೇಲೆ ಪೈಪನ್ನು ಮೆಲ್ಲಗೆ ಎಳೆದುಬಿಟ್ಟರು. ರಿಂಗುಗಳು ವಾಷರಿನ ನಡುವೆ ಸಿಕ್ಕಿ ಮುಚ್ಚಿದ ಬಾಯಲ್ಲೇ ಉಳಿದವು. ಈ ಸ್ಥಿತಿಯಲ್ಲಿ ಹೊರಮೈಯನ್ನು ಸರಿಯಾಗಿ 127ಕ್ಕೆ ತಂದರು. ಟೂಲು ಕೆಲವು ಕಡೆ ಕಚ್ಚಿತು, ಕೆಲವು ಕಡೆ ಗಾಳಿಯಲ್ಲಿ ಹೋಯಿತು. ಒಂದೆರಡು ಕಟ್ಟಾದ ಮೇಲೆ ಸುತ್ತಲೂ ಒಂದೇ ಬಣ್ಣದ ಹೊಳಪು. ನಟ್ಟು ಸಡಿಲಿಸಿದ ಕೂಡಲೇ ರಿಂಗುಗಳೆಲ್ಲ ಬಾಯಿ ತೆರೆದವು. ಆಗ ವರ್ನಿಯರ್ ಹಿಡಿದರೆ ಒಂದೊಂದು ಕಡೆ ಒಂದೊಂದು ವ್ಯಾಸ. ಹೊರಗಿದ್ದಾಗ ಸೊಟ್ಟ, ಸಿಲಿಂಡರಿನೊಳಗೆ ಹೋದಾಗ ಮಾತ್ರ ಅಚ್ಚುಕಟ್ಟು. ನಮ್ಮ ಶಾಲೆಯ ಎಷ್ಟೋ ಹುಡುಗರು ನೆನಪಾದರು. ಅಲ್ಲಿ ಮಾತ್ರ ತರಗತಿಯ ಒಳಗೆ ಸೊಟ್ಟ, ಹೊರಗೆ ಅಚ್ಚುಕಟ್ಟು.

ಕೊನೆಗೆ ಬಾಯಿಯ ಸಂದು. ಟರ್ನರುಗಳ ಬಾಯಿಪಾಠ: ಬೋರಿನ ಇಂಚಿಗೆ ನಾಲ್ಕು ಥೌ, ಅಂದರೆ ಇಂಚಿನ ಸಾವಿರದಲ್ಲಿ ನಾಲ್ಕು ಪಾಲು. ಐದಿಂಚಿಗೆ ಇಪ್ಪತ್ತು ಥೌ, ಅರ್ಧ ಮಿಲಿಮೀಟರು. ಇದು ಯಾರೋ ಅಂದಾಜಿಗೆ ಹೇಳಿದ್ದೆಂದು ತಿಳಿದಿದ್ದೆ. ಮನೆಗೆ ಬಂದು ಬೀಡು ಹಿಗ್ಗುವ ಪ್ರಮಾಣ ಹಾಕಿ ನೋಡಿದರೆ, ಸಿಲಿಂಡರಿಗಿಂತ ರಿಂಗು 100 ಡಿಗ್ರಿ ಹೆಚ್ಚು ಕಾದಾಗ ಸುತ್ತಳತೆ ಬೆಳೆಯುವುದು 0.44 ಮಿ.ಮೀ. ಬಾಯಿಪಾಠದಲ್ಲಿ ಭೌತಶಾಸ್ತ್ರ ಅಡಗಿತ್ತು. ಸಂದು ಸಾಲದೆ ತುದಿಗಳು ಒಂದಕ್ಕೊಂದು ಒತ್ತಿದರೆ ರಿಂಗಿಗೆ ಹಿಗ್ಗಲು ಜಾಗವಿಲ್ಲ. ಗೋಡೆಯನ್ನು ಗೀರುತ್ತದೆ ಅಥವಾ ಮುರಿಯುತ್ತದೆ. ಆಚಾರ್ರು ಸಣ್ಣ ಅರದಿಂದ ತುದಿ ಉಜ್ಜಿ, ಸಿಲಿಂಡರಿನಲ್ಲಿಟ್ಟು, ಪಿಸ್ಟನ್ನಿನ ತಲೆಯಿಂದ ತಳ್ಳಿ ನೇರ ಮಾಡಿ, ಫೀಲರ್ ಗೇಜ್ ತೂರಿಸಿ ನೋಡಿದರು. ಆಮೇಲೆ ಅಂಗಡಿಯ ಬಾಗಿಲು ಹಾಕಿ, ಸಿಲಿಂಡರಿನ ಕೆಳಗೆ ಬಲ್ಬು ಹಚ್ಚಿ, ಮೇಲೆ ರಟ್ಟು ಮುಚ್ಚಿ ಇಣುಕಿದರು. ಎಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ರಿಂಗು ಗೋಡೆಗೆ ತಾಕಿಲ್ಲ ಎಂದರ್ಥ. ಒಂದು ರಿಂಗು ಈ ಪರೀಕ್ಷೆಯಲ್ಲಿ ಫೇಲಾಯಿತು. ಹೆಚ್ಚಿಗೆ ಕೊಯ್ದಿಟ್ಟುಕೊಂಡಿದ್ದರಿಂದ ಕೆಲಸ ನಿಲ್ಲಲಿಲ್ಲ.

ಪಿಸ್ಟನ್ನಿಗೆ ತೊಡಿಸುವುದನ್ನು ನೋಡುವಾಗ ನನಗೆ ಉಸಿರು ಬಿಗಿಹಿಡಿದಿತ್ತು. ಜಾತ್ರೆಯಲ್ಲಿ ಬಳೆಗಾರ ಹೆಣ್ಣುಮಗುವಿನ ಕೈಯನ್ನು ಮೆತ್ತಗೆ ಹಿಸುಕಿ ಗಾಜಿನ ಬಳೆ ಏರಿಸುತ್ತಾನಲ್ಲ, ಅದೇ ನಯ ಇಲ್ಲಿಯೂ ಬೇಕು. ಆದರೆ ಹಿಗ್ಗಬೇಕಾದ್ದು ಇಲ್ಲಿ ಬಳೆಯೇ. ಮೂರು ತೆಳು ತಗಡಿನ ಪಟ್ಟಿ ಇಟ್ಟು ಅವುಗಳ ಮೇಲೆ ಜಾರಿಸಿ ಗಾಡಿಗೆ ಬೀಳಿಸಿದರು. ಬಾಯಿಗಳು ಒಂದೇ ಸಾಲಿಗೆ ಬರದಂತೆ ಒಂದೊಂದನ್ನು ಒಂದೊಂದು ಕಡೆ ತಿರುಗಿಸಿಟ್ಟರು. ಟೂ ಸ್ಟ್ರೋಕ್ ಇಂಜನ್ನಿನಲ್ಲಾದರೆ ಗಾಡಿಯಲ್ಲಿ ಪುಟ್ಟ ಮೊಳೆ ಇಟ್ಟು ರಿಂಗು ತಿರುಗದಂತೆ ಕಟ್ಟಿಹಾಕಿರುತ್ತಾರೆ, ಇಲ್ಲದಿದ್ದರೆ ತುದಿ ಗೋಡೆಯ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಮೈಸೂರಿನ ಯೆಜ್ಡಿ ಬೈಕು ಬಿಚ್ಚಿ ಜೋಡಿಸಿದವರಿಗೆ ಆ ಮೊಳೆಯ ಪರಿಚಯ ಇರುತ್ತದೆ. ಈ ಮುದುಕ ಇಂಜನ್ನಿಗೆ ಅಂಥ ಕಟ್ಟುಪಾಡಿಲ್ಲ.

ಇಂಜನ್ನು ಓಡಿತು. ಮೊದಲ ದಿನ ಹೊಗೆ ಜಾಸ್ತಿ, ರಿಂಗು ಗೋಡೆಗೆ ಪಳಗುವ ತನಕ ಹಾಗೇ. ಡಬ್ಬಿ ಸಿಕ್ಕಿಸಿದರು, ಕೂ ಕೂ ಎಂದಿತು. ಹುಡುಗ ವಿಡಿಯೋ ತೆಗೆದ. ಯಜಮಾನರು ಕಿವಿಗೊಟ್ಟು, "ಒಂದು ಇಂಚು ಸ್ಪೀಡು ಜಾಸ್ತಿ" ಎಂದರು. ಸ್ಪೀಡನ್ನು ಇಂಚಿನಲ್ಲಿ ಅಳೆಯುವ ಅಧಿಕಾರ ಅವರಿಗಿದೆ.

ಇಷ್ಟೆಲ್ಲ ಹೇಳಿದ ಮೇಲೆ, ಕೈಯಲ್ಲಿ ಮಾಡಿದ್ದೇ ಮಾಡಿದ್ದು, ಕಾರ್ಖಾನೆಯದು ಬರೀ ಸರಕು ಎಂದು ನಾನು ಬರೆಯಬಹುದೆಂದು ಓದುಗರು ನಿರೀಕ್ಷಿಸಿದರೆ ಆಚಾರ್ರೇ ಒಪ್ಪುವುದಿಲ್ಲ. ಯಲಹಂಕದಲ್ಲಿ ಗೊಯೆಟ್ಜೆ ಕಾರ್ಖಾನೆ ಇದೆ. ಆ ಕಂಪನಿ 1954ರದು. ಕಾರ್ಖಾನೆಯ ರಿಂಗು ತಯಾರಿಕೆಯಲ್ಲಿ ಮೊದಲು ದುಂಡಗೆ ಕೊರೆದು ಆಮೇಲೆ ಒದ್ದಾಡುವ ಕೆಲಸವಿಲ್ಲ. ಕ್ಯಾಮಿನ ಅಳತೆಗೆ ತಕ್ಕಂತೆ ಟೂಲೇ ಹಿಂದೆ ಮುಂದೆ ಸರಿಯುತ್ತ, ರಿಂಗನ್ನು ಮೊದಲಿಗೇ ಬೇಕಾದಷ್ಟು ಸೊಟ್ಟಗೆ ಕೊರೆಯುತ್ತದೆ; ಬಾಯಿ ಮುಚ್ಚಿದಾಗ ಅದು ತಾನೇ ದುಂಡಗಾಗಿ, ಸುತ್ತಲೂ ಹದವರಿತ ಒತ್ತಡದಲ್ಲಿ ತಾಕುತ್ತದೆ. ಮೇಲಿನ ರಿಂಗಿಗೆ ಕ್ರೋಮಿಯಂ ಲೇಪ ಬೇರೆ. ಲೇತಿನಲ್ಲಿ ಮಾಡಿದ ರಿಂಗು ಅದರ ಮುಂದೆ ಆಯುಸ್ಸಿನಲ್ಲಿ ಸೋಲುತ್ತದೆ, ಬೆಲೆಯಲ್ಲಿ ಇನ್ನೂ ಹೀನಾಯವಾಗಿ ಸೋಲುತ್ತದೆ. "ಅಂಗ್ಡೀಲಿ ಸಿಗೋದನ್ನ ನನ್ನ ಕೈಲಿ ಮಾಡ್ಸೋನು ದಡ್ಡ, ಮಾಡ್ಕೊಡೋ ನಾನು ಅದಕ್ಕಿಂತ ದಡ್ಡ" ಎನ್ನುವ ಆಚಾರ್ರ ಮಾತಿಗೆ ನನ್ನ ಸಹಿ ಇದೆ. ಅಂಗಡಿಯಲ್ಲಿ ಸಿಗದೆ ಹೋದಾಗ ಏನು ಎಂಬ ಪ್ರಶ್ನೆ ಬಂದರೆ ಮಾತ್ರ ಬಟಾಲಾ ಲೇತಿನ ಕಡೆ ನಡೆಯಬೇಕು.

ಹಾಗೆ ನೋಡಿದರೆ ನಮ್ಮ ಕಡೆ ರಿಂಗಿನ ಕೆಲಸ ತೆಗೆದದ್ದು ಕಾರ್ಖಾನೆಯಲ್ಲ, ನೀರು. ನೆಲದ ಮೇಲೆ ಕೂತ ಪಂಪು ನೀರನ್ನು ಎಳೆದುಕೊಳ್ಳುವುದಿಲ್ಲ; ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ತಳ್ಳಬೇಕು. ಸಮುದ್ರಮಟ್ಟದಲ್ಲೇ ಅದರ ಮಿತಿ ಪುಸ್ತಕದ ಪ್ರಕಾರ 10.3 ಮೀಟರು. ನಮ್ಮ ಎತ್ತರದ ಸೀಮೆಯಲ್ಲಿ ಇನ್ನೂ ಕಡಿಮೆ, ಪೈಪಿನ ಸೋರಿಕೆ ಎಲ್ಲ ಕಳೆದು ಕೈಗೆ ಸಿಗುವುದು ಇಪ್ಪತ್ತು ಇಪ್ಪತ್ತೆರಡು ಅಡಿ. ಬಾವಿಯ ನೀರು ಅದಕ್ಕಿಂತ ಕೆಳಗೆ ಇಳಿದಾಗ ಜನ ಬಾವಿಯ ಗೋಡೆಯಲ್ಲೇ ಮೆಟ್ಟಿಲು ಕೊರೆದು, ಕಲ್ಲಿನ ಕಟ್ಟೆ ಮಾಡಿ, ಇಂಜನ್ನನ್ನೇ ಕೆಳಗೆ ಇಳಿಸಿದರು. ನೀರು ಇನ್ನೂ ಇಳಿಯಿತು, ಇಂಜನ್ನೂ ಇಳಿಯಿತು. ಬಾವಿಯ ಆಳದಲ್ಲಿ ಹೊಗೆಗೆ ಉಸಿರುಕಟ್ಟಿ ಸತ್ತವರ ಸುದ್ದಿ ಆಗೀಗ ಬರುತ್ತಿತ್ತು. ಆಮೇಲೆ ಬೋರ್‌ವೆಲ್ ಲಾರಿಗಳು ಬಂದವು. ಮುನ್ನೂರು ಅಡಿ, ಆರುನೂರು, ಸಾವಿರ, ಅದನ್ನೂ ದಾಟಿ. ಸಾವಿರ ಅಡಿಯ ತಳದಲ್ಲಿ ಡೀಸೆಲ್ ಇಂಜನ್ನಿಗೆ ಏನು ಕೆಲಸ? ನೀರೊಳಗೆ ಮುಳುಗಿ ಕೂರುವ ಕರೆಂಟು ಮೋಟರೇ ಬೇಕು. ಇಂಜನ್ನುಗಳು ಹಟ್ಟಿ ಸೇರಿದವು, ಗುಜರಿ ಸೇರಿದವು. ಆಚಾರ್ರ ಲೇತಿನ ಮೇಲೆ ರಿಂಗಿನ ಬದಲು ಕೇಸಿಂಗ್ ಪೈಪು, ಕಪ್ಲಿಂಗು, ಮೋಟರಿನ ಶಾಫ್ಟು ಏರಿದವು. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನ ಪೆಟ್ರೋಲ್ ಇಂಜನ್ನುಗಳು ಒಂದಷ್ಟು ಬರುತ್ತವೆ. ಅವಕ್ಕೆ ಪೊಟ್ಟಣದ ರಿಂಗು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕೇಬೇಕೆಂಬ ತಕರಾರು ನ್ಯಾಯವಾದದ್ದೇ. ನೀರು ಎಂಥದೇ ಇರಲಿ, ಅದು ತಲುಪಿದ ಕೆರೆಗಳ ಕೆಳಗಿನ ಹಾಳುಬಾವಿಗಳಲ್ಲಿ ಒರತೆ ಕಂಡವರಿದ್ದಾರೆ. ಅಂಥವರೊಬ್ಬರು ಮೊನ್ನೆ ಗೋಣಿಚೀಲದಲ್ಲಿ ಒಂದು ಸಿಲಿಂಡರ್ ಸುತ್ತಿಕೊಂಡು ಬಂದಿದ್ದರು. ನಾನೂ ಅಲ್ಲೇ ಬೆಂಚಿನ ಮೇಲಿದ್ದೆ.

"ಆಚಾರ್ರೇ, ಕಿರ್ಲೋಸ್ಕರು. ರಿಂಗು ಮಾಡ್ಕೊಡ್ಬೇಕು."

"ಎಂಬತ್ತರ ಬೋರಾ? ಅದಕ್ಕೆ ನಾನ್ಯಾಕಣ್ಣ, ಕೋಲಾರದಾಗೆ ಸಿಗ್ತದೆ" ಎನ್ನುತ್ತಲೇ ಆಚಾರ್ರು ಡಯಲ್ ಗೇಜ್ ಒಳಗೆ ಬಿಟ್ಟರು. ಕೆಳಗಡೆಗಿಂತ ಮೇಲುಗಡೆ ಮೂವತ್ತು ಪಾಯಿಂಟು ಅಗಲ. ಪಾಯಿಂಟು ಅಂದರೆ ಮಿ.ಮೀ.ನ ನೂರನೇ ಪಾಲು. "ನೋಡು, ಮೇಲ್ಗಡೆ ತಿಂದುಹೋಗಿದೆ. ಇದಕ್ಕೆ ಒಸಾ ರಿಂಗು ಹಾಕಿದ್ರೂ ಸೋರ್ತದೆ. ಬೋರಿಂಗ್ ಮಾಡ್ಸು, ಅರ್ಧ ಮಿಲಿಮೀಟ್ರು ಓವರ್‌ಸೈಜು. ಪಿಸ್ಟನ್ನೂ ರಿಂಗೂ ಅದೇ ಸೈಜಿಂದು ತಗೊಂಬಾ."

ಆತ ಬೆರಳಲ್ಲಿ ಲೆಕ್ಕ ಹಾಕಿದರು. ಬೋರಿಂಗು, ಪಿಸ್ಟನ್ನು, ರಿಂಗು, ಡೀಸೆಲ್ಲು. "ಇಷ್ಟೆಲ್ಲಾ ಯಾಕೆ, ಕರೆಂಟು ಮೋಟ್ರೇ ಇಟ್ಟುಬಿಟ್ರೆ?"

"ಇಟ್ಕೋ" ಎಂದು ಆಚಾರ್ರು ಸಿಲಿಂಡರನ್ನು ಮತ್ತೆ ಗೋಣಿಗೆ ಸುತ್ತಿಕೊಟ್ಟರು. "ಅದರದ್ದು ಬುಶ್ ಹೋಗ್ತದೆ. ಆಗ ತಗೊಂಬಾ, ಅದನ್ನ ನಾನೇ ಮಾಡ್ಕೊಡ್ತೀನಿ."